ಸಂಧಿಯಲ್ಲಿ ಅಡಗಿದ ಅಕಾರ

ನಮ್ಮ ಶಾಲೆಯಲ್ಲಿ ಓದಿ ಈಗ ಭೌತವಿಜ್ಞಾನದ ಸಂಶೋಧಕನಾಗಿರುವ ಶಿಷ್ಯನೊಬ್ಬನು ಕಳೆದ ವರ್ಷ ಮನೆಗೆ ಬಂದು, “ಗುರುಗಳೇ, ಟೋಪಲಾಜಿಕಲ್ ಇನ್ಸುಲೇಟರ್ ಎಂಬುದಕ್ಕೆ ಕನ್ನಡದಲ್ಲೊಂದು ಹೆಸರು ದಯಪಾಲಿಸಬೇಕು” ಎಂದನು. ಪಂಡಿತನಿಗೆ ಇದಕ್ಕಿಂತ ಪ್ರಿಯವಾದ ಬಿನ್ನಹವುಂಟೆ? ‘ಸಂಸ್ಥಿತಿ’ಗೆ ‘ಅವಾಹಕ’ವನ್ನು ಕೂಡಿಸಿ, ಯಣ್‌ಸಂಧಿಯಿಂದ ‘ಸಂಸ್ಥಿತ್ಯವಾಹಕ’ ಎಂದೆನು. ಅವನು ನಕ್ಕು, “ಕಿವಿಗೆ ‘ವಾಹಕ’ ಎಂದೇ ಕೇಳಿಸುತ್ತದಲ್ಲ!” ಎಂದನು. ನಿಷೇಧಾರ್ಥದ ಅಕಾರವು ಸಂಧಿಯಲ್ಲಿ ಅಡಗಿಹೋಗಿತ್ತು.

ವಸ್ತುವಿನ ಸ್ವಭಾವವೂ ಹಾಗೆಯೇ ಎಂಬುದು ಆಮೇಲೆ ತಿಳಿಯಿತು. ತಾಮ್ರವು ವಾಹಕ, ಪಿಂಗಾಣಿಯು ಅವಾಹಕ ಎಂದು ನಾವು ಕಲಿಸುತ್ತೇವೆ. ಬಿಸ್ಮತ್ ಸೆಲೆನೈಡಿನ ಹರಳು ಈ ಎರಡು ಪಂಕ್ತಿಗಳಲ್ಲಿಯೂ ಕೂರದು. ಒಡಲು ಅವಾಹಕ, ಮೈ ವಾಹಕ. ಮೈಗೆ ಯಾವ ಲೇಪವೂ ಇಲ್ಲ. ಹರಳನ್ನು ಸೀಳಿದರೆ ಹೊಸದಾಗಿ ತೆರೆದ ಮುಖವೂ ವಾಹಕವೇ. ಉಂಡೆಯನ್ನು ಎಷ್ಟು ಒತ್ತಿದರೂ, ಅದನ್ನು ಹರಿಯದೆ ಉದ್ದಿನವಡೆಯ ತೂತು ಮೂಡದಷ್ಟೆ; ಅಂತಹ ಅಚಲವಾದ ಎಣಿಕೆಯೊಂದು ಒಡಲಿನ ಎಲೆಕ್ಟ್ರಾನುಗಳ ವಿನ್ಯಾಸದಲ್ಲಿದೆಯಂತೆ. ಇಂತಹ ಚಿಂತನೆಗೆ ದಾರಿ ತೆರೆದ ಥೌಲೆಸ್, ಹಾಲ್ಡೇನ್, ಕೋಸ್ಟರ್ಲಿಟ್ಜ್ ಅವರಿಗೆ 2016ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ನನ್ನನ್ನು ಬೆರಗುಗೊಳಿಸಿದ್ದು ಕಾಂತಕ್ಷೇತ್ರದ ಕಥೆ. ಮೈಮೇಲೆ ಚಲಿಸುವ ಎಲೆಕ್ಟ್ರಾನಿನ ಸ್ಪಿನ್ ಅದರ ನಡೆಯ ದಿಕ್ಕಿಗೆ ಕಟ್ಟುಬಿದ್ದಿದೆ. ನೇರವಾಗಿ ಹಿಂದಿರುಗಬೇಕಾದರೆ ಸ್ಪಿನ್ನೂ ತಲೆಕೆಳಗಾಗಬೇಕು. ಹರಳಿನ ಸಾಮಾನ್ಯ ದೋಷಗಳಿಗೆ ಆ ಶಕ್ತಿಯಿಲ್ಲ. ಕಡುಶೀತದಲ್ಲಿ ಎಲೆಕ್ಟ್ರಾನಿನ ಅಲೆಯು ಒಂದೇ ಸುತ್ತನ್ನು ಎಡಬಲ ಎರಡು ಕಡೆಯಿಂದಲೂ ಬಳಸಿಬಂದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಹಿಂದಿರುಗುವುದು ವಿರಳವಾಗುತ್ತದೆ. ಕಿಂಚಿತ್ ಕಾಂತಕ್ಷೇತ್ರವನ್ನು ಹಚ್ಚಿದೊಡನೆ ಈ ಹೊಂದಾಣಿಕೆ ಕೆಟ್ಟು, ರೋಧವು ಥಟ್ಟನೆ ಏರುತ್ತದೆ. ಶಿಷ್ಯನು ತೋರಿಸಿದ ನಕ್ಷೆಯಲ್ಲಿ, ಕ್ಷೇತ್ರವು ಸೊನ್ನೆಯಾಗಿರುವೆಡೆ ಚೂಪಾದ ಕಣಿವೆಯೊಂದು ಕಾಣುತ್ತಿತ್ತು. 2013ರಲ್ಲಿ ಬೀಜಿಂಗಿನ ವಿಜ್ಞಾನಿಗಳು ಇದೇ ಕುಲದ ತೆಳುಪದರಕ್ಕೆ ಕ್ರೋಮಿಯಂ ಬೆರೆಸಿ, ಹೊರಗಿನ ಕ್ಷೇತ್ರವಿಲ್ಲದೆಯೇ ಸುಮಾರು 25,813 ಓಮ್‌ಗಳ ಹಾಲ್ ರೋಧವನ್ನು ಪಡೆದರು. 1980ರಲ್ಲಿ ಫಾನ್ ಕ್ಲಿಟ್ಜಿಂಗ್ ಕಂಡ ಕ್ವಾಂಟಮ್ ಹಾಲ್ ಪರಿಣಾಮದ ಮೂಲಮಾನ ಅದೇ. ಆದರೆ ಅಂದು ಪ್ರಬಲ ಕಾಂತಕ್ಷೇತ್ರ ಬೇಕಾಗಿತ್ತು.

“ಹಾಗಾದರೆ ಆ ಕಣಿವೆಯೇ ಪ್ರಮಾಣವೋ?” ಎಂದೆ. “ಅಲ್ಲ, ಒಡಲಿನ ಪ್ರವಾಹವೂ ಅಂತಹುದೇ ಕಣಿವೆಯನ್ನು ತೋರಬಲ್ಲದು” ಎಂದನು. ಸೆಲೆನಿಯಂ ಪರಮಾಣುಗಳು ಅಲ್ಲಲ್ಲಿ ತಪ್ಪಿಹೋಗಿ ಎಲೆಕ್ಟ್ರಾನುಗಳು ಉಳಿಯುವುದರಿಂದ, ಅವಾಹಕವೆಂಬ ಒಡಲೂ ಅನೇಕ ವೇಳೆ ವಿದ್ಯುತ್ತನ್ನು ಹರಿಯಗೊಡುತ್ತದೆ!

ನಾನು ಅನ್ವರ್ಥನಾಮವೆಂದು ಕೊಟ್ಟದ್ದು ರೂಢನಾಮವಾಗಿ ಮಾತ್ರ ನಿಲ್ಲಬಲ್ಲುದು. ಪಂಡಿತರಾದ ನಾವು ಪ್ರತಿಯೊಂದು ಶಾಸ್ತ್ರಶಬ್ದಕ್ಕೂ ಸಮಾಸವನ್ನು ಕಟ್ಟಿ ಕೃತಾರ್ಥರಾಗುತ್ತೇವೆ. ಮಕ್ಕಳು ಅದನ್ನು ಎರಡು ಅಂಕಗಳಿಗಾಗಿ ಉರುಹೊಡೆಯುತ್ತಾರೆ, ಹರಳು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕಚೇರಿ, ಅರ್ಜಿಗಳನ್ನು ಅರಗಿಸಿಕೊಂಡ ಭಾಷೆಗೆ ಟೋಪಾಲಜಿಯೇನು ಭಾರವೆ? ಶಬ್ದವು ಅನ್ಯದೇಶ್ಯವಾಗಿರಲಿ, ವಿವರಣೆಯ ವಾಕ್ಯ ಕನ್ನಡದ್ದಾಗಿರಲಿ ಎಂಬುದು ನನ್ನ ನಿಲುವು. ನನ್ನ ಸಮವಯಸ್ಕ ಪಂಡಿತಮಿತ್ರರು ಇದನ್ನು ಸ್ವಕುಲದ್ರೋಹವೆಂದಾರು.

‘ಸಂಸ್ಥಿತ್ಯವಾಹಕ’ವನ್ನು ಹಿಂತೆಗೆದುಕೊಂಡಿದ್ದೇನೆ. ಆ ಕಣಿವೆಯ ನಕ್ಷೆಯ ಮೇಲೆ ನಮ್ಮ ಹತ್ತನೆಯ ತರಗತಿಯವರಿಗೆ ತಿಳಿಯುವಂತೆ ನಾಲ್ಕು ಪುಟ ಬರೆದುಕೊಡೆಂದು ಶಿಷ್ಯನನ್ನು ಕೇಳಿದ್ದೇನೆ.