ಗೋಲು ಹೊಡೆಯದವನ ಹೆಸರು

ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಸಂಜೆ ಚೆಂಡೊದೆಯುವ ಹುಡುಗರ ಬೆನ್ನ ಮೇಲೆ ಮೆಸ್ಸಿ, ರೊನಾಲ್ಡೊರ ಹೆಸರುಗಳಿವೆ. ಕೆಂಪಯ್ಯ ಯಾರೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಅವರ ತಂದೆಯರಿಗಾದರೂ ಗೊತ್ತಿದೆಯೇ?

1956ರ ನವೆಂಬರ್ 1ರಂದು ಈ ಎರಡೂ ಊರುಗಳು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಸರಿಯಾಗಿ ಒಂದು ತಿಂಗಳ ಬಳಿಕ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವು ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿ ಸೆಮಿಫೈನಲ್ ತಲುಪಿತು. ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ತಂಡದ ಮಧ್ಯಪಡೆಯಲ್ಲಿ, ಅಂದಿನ ಮಾತಿನಲ್ಲಿ ಹೇಳುವುದಾದರೆ ಹಾಫ್‌ಬ್ಯಾಕ್‌ಗಳಾಗಿ, ಹೈದರಾಬಾದಿನ ನೂರ್ ಮುಹಮ್ಮದ್ ಮತ್ತು ಬೆಂಗಳೂರಿನ ಕೆಂಪಯ್ಯ ಇದ್ದರು. ನಮ್ಮ ಹಳೆಯ ರಾಜಧಾನಿಯವರೊಬ್ಬರು, ಹೊಸ ರಾಜಧಾನಿಯವರೊಬ್ಬರು!

ಅಂದು ಮೂರು ಗೋಲು ಹೊಡೆದ ನೆವಿಲ್ ಡಿಸೋಜ ದಾಖಲೆಗಳಲ್ಲಿ ಉಳಿದರು. 2024ರ ‘ಮೈದಾನ್’ ಚಿತ್ರವು ರಹೀಮರನ್ನು ಹೊಸ ಪೀಳಿಗೆಗೆ ಪರಿಚಯಿಸಿತು. ಆದರೆ ಎದುರಾಳಿಯಿಂದ ಚೆಂಡು ಕಸಿದು ಮುಂಪಡೆಗೆ ದಾಟಿಸುವವನ ಪಾಲಿಗೆ ಚಪ್ಪಾಳೆ ಕಡಿಮೆ. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲೂ ಇದ್ದ ಕೆಂಪಯ್ಯನವರ ಹೆಸರು ಅವರ ಸ್ವಂತ ರಾಜ್ಯದಲ್ಲೇ ಅಪರಿಚಿತವಾಗಿರುವುದು ವಿಪರ್ಯಾಸವಲ್ಲದೆ ಮತ್ತೇನು?

ಮೆಸ್ಸಿಯ ಜೆರ್ಸಿ ತೊಡಬಾರದೆಂಬುದು ನಮ್ಮ ವಾದವಲ್ಲ. ಅದು ಮಕ್ಕಳ ಸಂತೋಷ. ಆದರೆ ಈ ಊರುಗಳ ಯುವಕರು ಮುಂದಿನ ಪಂದ್ಯಾಟಕ್ಕೆ ಟ್ರೋಫಿ ತರುವಾಗ, ಅದರ ಮೇಲೆ ಕೆಂಪಯ್ಯ, ನೂರ್ ಮುಹಮ್ಮದ್ ಎಂಬ ಎರಡು ಹೆಸರುಗಳನ್ನು ಕೆತ್ತಿಸಲು ಎಷ್ಟು ಖರ್ಚಾದೀತು?