ದೇವರಿಗೆ ಪೂರ್ಣವಾಗಿ ಮೆಚ್ಚಿಗೆಯಾದ ಜೀವಿತ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಒಂದು ಲೇಖನವನ್ನು ಬರೆಯತಕ್ಕದ್ದೆಂಬ ವಾಡಿಕೆಯುಂಟು. ಪರೀಕ್ಷೆಯ ಫಲಿತಾಂಶಗಳೂ ಕಟ್ಟಡದ ಲೆಕ್ಕವೂ ವರದಿಯಲ್ಲಿ ಹೇಗೂ ಬಂದಿರುವುದರಿಂದ, ಈ ಸಾರಿ ನನ್ನ ಮನಸ್ಸನ್ನು ಬಹುದಿನಗಳಿಂದ ಕಾಡುತ್ತಿರುವ ಒಂದು ವಿಷಯವನ್ನು ವಾಚಕರ ಮುಂದೆ ಇಡುತ್ತೇನೆ. ಅಪೊಸ್ತಲನಾದ ಪೌಲನು ಕೊಲೊಸ್ಸೆಯ ಸಭೆಗಾಗಿ ಮಾಡಿದ ಪ್ರಾರ್ಥನೆಯಲ್ಲಿ, ಅಲ್ಲಿಯ ವಿಶ್ವಾಸಿಗಳು ಕರ್ತನನ್ನು ಪೂರ್ಣವಾಗಿ ಮೆಚ್ಚಿಸುವವರಾಗಿ ನಡೆಯಬೇಕೆಂದು ಬೇಡಿಕೊಂಡನು. ಸ್ವಲ್ಪಮಟ್ಟಿಗೆ ಮೆಚ್ಚಿಸಲಿ ಎಂದು ಆತನು ಬೇಡಲಿಲ್ಲ. ಈ ಪೂರ್ಣತೆ ಎಂಬುದು ಎಲ್ಲಿರುತ್ತದೆ?

ನಮ್ಮಲ್ಲಿ ಅನೇಕರು ಅದನ್ನು ದೇವಾಲಯದೊಳಗೆ ಹುಡುಕುತ್ತಾರೆ. ಯಾವ ಹುಡುಗಿ ನಿರರ್ಗಳವಾಗಿ ಪ್ರಾರ್ಥಿಸುತ್ತಾಳೋ, ಯಾವಳು ಕೀರ್ತನೆಗಳನ್ನು ಬಾಯಿಪಾಠವಾಗಿ ಒಪ್ಪಿಸುತ್ತಾಳೋ, ಅವಳನ್ನು ಭಕ್ತಿವಂತಳೆನ್ನುತ್ತೇವೆ. ಅದಕ್ಕೆ ಬಹುಮಾನವನ್ನೂ ಕೊಡುತ್ತೇವೆ. ನಾನು ಪ್ರಾರ್ಥನೆಯನ್ನು ಹಗುರವಾಗಿ ಕಾಣುವವಳಲ್ಲ. ಆದರೆ ಭಾನುವಾರ ಮುಂದಿನ ಸಾಲಿನಲ್ಲಿ ಕುಳಿತು ಹಾಡಿದವರೇ ಸೋಮವಾರ ತೋಟದ ಆಳುಗಳ ಕೂಲಿಯನ್ನು ಮುಂದಿನ ವಾರಕ್ಕೆ ತಳ್ಳಿದರೆ, ಅಥವಾ ಮಗನ ಮದುವೆಯಲ್ಲಿ ಹೆಣ್ಣಿನ ಕಡೆಯವರ ಮುಂದೆ ಬೆಲೆಯನ್ನು ಕಟ್ಟಿದರೆ (ನಮ್ಮ ಕ್ರೈಸ್ತ ಮನೆಗಳಲ್ಲಿ ಇದಿಲ್ಲವೆಂದು ಹೇಳುವವರು ಮದುವೆಗಳಿಗೆ ಹೋಗದವರಾಗಿರಬೇಕು), ಆ ಹಾಡು ಎಲ್ಲಿಯವರೆಗೆ ಏರಿತು?

ಹನೋಕನ ಸಂಗತಿಯನ್ನು ನೋಡಿರಿ. ಮೇಲಕ್ಕೆ ಒಯ್ಯಲ್ಪಡುವದಕ್ಕಿಂತ ಮುಂಚೆಯೇ ದೇವರಿಗೆ ಮೆಚ್ಚಿಗೆಯಾದವನೆಂಬ ಸಾಕ್ಷಿಯನ್ನು ಹೊಂದಿದವನು ಅವನು. ಆದಿಕಾಂಡದಲ್ಲಿ ಅವನ ಕಥೆ ನಾಲ್ಕೇ ವಚನಗಳಲ್ಲಿ ಮುಗಿಯುತ್ತದೆ. ಅವನು ಬೆಟ್ಟವನ್ನು ಹತ್ತಿ ತಪಸ್ಸು ಮಾಡಿದನೆಂದಾಗಲಿ, ಅದ್ಭುತವನ್ನು ನಡಿಸಿದನೆಂದಾಗಲಿ ಅಲ್ಲಿ ಇಲ್ಲ. ಅರುವತ್ತೈದನೆಯ ವಯಸ್ಸಿನಲ್ಲಿ ಮಗನನ್ನು ಪಡೆದು, ಆಮೇಲೆ ಮುನ್ನೂರು ವರುಷ ಗಂಡುಹೆಣ್ಣು ಮಕ್ಕಳನ್ನು ಪಡೆಯುತ್ತಾ ದೇವರೊಂದಿಗೆ ನಡೆದನೆಂದು ಮಾತ್ರ ಇದೆ. ಮನೆ ತುಂಬ ಮಕ್ಕಳಿರುವ ತಾಯಂದಿರು ಈ ಭಾಗವನ್ನು ಎರಡು ಸಾರಿ ಓದತಕ್ಕದ್ದು. ನಮ್ಮ ಕರ್ತನ ವಿಷಯದಲ್ಲಿಯೂ ಹಾಗೆಯೇ. ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನವಾದಾಗ ತಂದೆಯು ಆತನನ್ನು ಮೆಚ್ಚಿದ್ದೇನೆಂದು ಪರಲೋಕದಿಂದ ಸಾರಿದಾಗ, ಆತನು ಇನ್ನೂ ಒಬ್ಬ ರೋಗಿಯನ್ನಾದರೂ ವಾಸಿಮಾಡಿದ್ದಿಲ್ಲ, ಒಂದು ಪ್ರಸಂಗವನ್ನಾದರೂ ಮಾಡಿದ್ದಿಲ್ಲ. ಹಿಂದೆ ಇದ್ದದ್ದು ಸುಮಾರು ಮೂವತ್ತು ವರುಷಗಳ ನಜರೇತಿನ ವಾಸ, ಬಡಗಿಯ ಕೆಲಸ. ಆ ಮೂವತ್ತು ವರುಷಗಳೂ ಮೆಚ್ಚಿಗೆಯಾಗಿದ್ದವು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಎಷ್ಟು ಎತ್ತರಕ್ಕೆ ಏರಿಸಿದರೆಂದು ಬಲ್ಲ ನಮ್ಮ ನೆರೆಹೊರೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ಪಡುವಣ ಬೆಟ್ಟಗಳ ಸಾಲಿನಲ್ಲಿಯೇ, ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಜೀವಿತವು ಈ ವಿಷಯದಲ್ಲಿ ನಮಗೆ ಅತಿ ಸಮೀಪದ ದೃಷ್ಟಾಂತವಾಗಿದೆ. ಹೆಂಗಸರಿಗೆ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಸ್ವಜನರ ವಿರೋಧವನ್ನು ಸಹಿಸಿದ ಅನಂತಶಾಸ್ತ್ರಿ ಡೋಂಗ್ರೆಯವರು ಇವರ ತಂದೆ. ಕ್ಷಾಮಕಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು, ಅಣ್ಣನೊಡನೆ ಊರೂರು ನಡೆದು, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ಪಂಡಿತಾ ಎಂಬ ಬಿರುದನ್ನು ಪಡೆದರು. ಮದುವೆಯಾಗಿ ಎರಡು ವರುಷವಾಗುವಷ್ಟರಲ್ಲಿ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರೂ, ಕ್ರಿಸ್ತನನ್ನು ತಾವು ನಿಜವಾಗಿ ಕಂಡುಕೊಂಡದ್ದು ಅದಾದ ಸುಮಾರು ಎಂಟು ವರುಷಗಳ ಮೇಲೆಯೇ ಎಂದು ಅವರು ತಮ್ಮ ಸಾಕ್ಷಿಯಲ್ಲಿ ಮರೆಮಾಚದೆ ಒಪ್ಪಿಕೊಂಡಿದ್ದಾರೆ. ಸಭೆಯ ದಾಖಲೆಯಲ್ಲಿ ಹೆಸರಿದ್ದರೆ ಸಾಕೆಂದು ನಿಶ್ಚಿಂತರಾಗಿರುವವರಿಗೆ ಈ ಒಪ್ಪಿಗೆಯು ನಿದ್ರೆಗೆಡಿಸತಕ್ಕದ್ದಾಗಿದೆ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ ದಿಕ್ಕಿಲ್ಲದ ಹುಡುಗಿಯರನ್ನು ಕರೆತಂದು, ಪುಣೆಯ ಬಳಿಯ ಕೇಡಗಾಂವಿನಲ್ಲಿ ಮುಕ್ತಿ ಸದನವನ್ನು ಬೆಳೆಸಿದರು. ಅಲ್ಲಿ ಪ್ರಾರ್ಥನೆ ನಡೆಯುತ್ತಿತ್ತು, ಅದರ ಪಕ್ಕದಲ್ಲಿಯೇ ಮಗ್ಗ, ಎಣ್ಣೆಯ ಗಾಣ, ಹೈನು, ಅಚ್ಚುಕೂಟಗಳೂ ನಡೆಯುತ್ತಿದ್ದವು. ಸಾಮಾನ್ಯ ಹೆಂಗಸರಿಗೂ ತಿಳಿಯಲೆಂದು ಸತ್ಯವೇದವನ್ನು ಮೂಲಭಾಷೆಗಳಿಂದ ಸುಲಭ ಮರಾಠಿಗೆ ತಿರುಗಿಸಲು ವರುಷಗಟ್ಟಲೆ ದುಡಿದರು. ಆಶ್ರಮದ ಹುಡುಗಿಯರೇ ಮೊಳೆ ಜೋಡಿಸಿ ಅಚ್ಚುಮಾಡಿದರು. ಅವರ ಮಗಳು ಮನೋರಮೆಯವರು ನಮ್ಮ ಕನ್ನಡ ನಾಡಿನ ಗುಲ್ಬರ್ಗದಲ್ಲಿ ಶಾಲೆಯ ಕೆಲಸಕ್ಕೆ ಕೈಹಾಕಿದರು. 1921ರಲ್ಲಿ ಆ ಒಬ್ಬಳೇ ಮಗಳು ತೀರಿಕೊಂಡಳು. ತಾಯಿ ಅನುವಾದವನ್ನು ಬಿಡಲಿಲ್ಲ. ಅದನ್ನು ಮುಗಿಸಿ 1922ರ ಏಪ್ರಿಲಿನಲ್ಲಿ ಕಣ್ಣುಮುಚ್ಚಿದರು. ಈ ಜೀವಿತದಲ್ಲಿ ಇಷ್ಟು ದೇವರ ಪಾಲು, ಇಷ್ಟು ಗಾಣದ ಪಾಲು ಎಂದು ಯಾರು ಬೇರ್ಪಡಿಸಬಲ್ಲರು?

ಇಷ್ಟನ್ನು ಬರೆದ ನಾನು ನನ್ನ ತಪ್ಪನ್ನೂ ಬರೆಯಬೇಕು. ಕೆಲವು ವರುಷಗಳ ಹಿಂದೆ ಸತ್ಯವೇದ ಪಾಠದ ಬಹುಮಾನವು ನಮ್ಮ ಸಭೆಯ ಒಬ್ಬ ಹುಡುಗಿಗೆ ಬಂತು. ಹೆಸರು ಕಾರ್ಯಕ್ರಮ ಪತ್ರಿಕೆಯಲ್ಲಿ ಅಚ್ಚೂ ಆಗಿತ್ತು. ಮಳೆ ಹಿಡಿದ ಒಂದು ಸಂಜೆ ಅವಳು ಉತ್ತರಪತ್ರಿಕೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನನ್ನ ಕೊಠಡಿಗೆ ಬಂದಳು. "ಅಮ್ಮಾ, ಕೂಡಿದ್ದರಲ್ಲಿ ಏಳು ಅಂಕ ಹೆಚ್ಚಾಗಿದೆ," ಎಂದಳು. ಕೂಡಿದವಳು ನಾನೇ. ಏಳನ್ನು ಕಳೆದರೆ ಬಹುಮಾನವು ಮಗ್ಗೆಯ ಕಡೆಯಿಂದ ಬರುತ್ತಿದ್ದ, ಕ್ರೈಸ್ತಳಲ್ಲದ ಒಬ್ಬ ಒಕ್ಕಲಿಗರ ಹುಡುಗಿಗೆ ಹೋಗುತ್ತಿತ್ತು. "ನಾಳೆ ನೋಡೋಣ, ಮಗೂ," ಎಂದು ಕಳುಹಿಸಿಬಿಟ್ಟೆನು.

ಆ ನಾಳೆ ಮೂರು ದಿನವಾಯಿತು. ಪತ್ರಿಕೆ ಅಚ್ಚಾಗಿದೆಯೆಂದು ನನಗೆ ನಾನೇ ಹೇಳಿಕೊಂಡೆನು. ಸುದ್ದಿ ತಿಳಿದು ಬಂದ ಹುಡುಗಿಯ ತಾಯಿ, "ಸತ್ಯವೇದದ ಬಹುಮಾನವನ್ನು ಹೊರಗಿನವರಿಗೆ ಕೊಟ್ಟರೆ ಸಭೆಯ ಮರ್ಯಾದೆ ಏನಾದೀತು, ಅಮ್ಮನವರೇ?" ಎಂದು ಕೇಳಿದರು. ನನ್ನ ಮನಸ್ಸಿನಲ್ಲಿ ಅಡಗಿದ್ದ ಮಾತನ್ನೇ ಅವರ ಬಾಯಿಂದ ಕೇಳಿದಾಗ ನನಗೆ ನಾಚಿಕೆಯಾಯಿತು. ದೇವರ ವಾಕ್ಯವನ್ನು ಯಾರು ಚೆನ್ನಾಗಿ ಕಲಿತರೆಂಬುದಕ್ಕೆ ಇಟ್ಟ ಬಹುಮಾನವನ್ನು, ದೇವರ ಹೆಸರಿನಲ್ಲಿಯೇ ಸುಳ್ಳು ಲೆಕ್ಕದಿಂದ ಉಳಿಸಿಕೊಳ್ಳಲು ನಾವಿಬ್ಬರೂ ಹೊರಟಿದ್ದೆವು. ಹದಿನಾಲ್ಕು ವರುಷದ ಆ ಮಗುವೊಂದೇ ಹೊರಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ತಪ್ಪು ನನ್ನದೆಂದು ಹೇಳಿ ಹೆಸರನ್ನು ಬದಲಾಯಿಸಿದೆನು. ಅಚ್ಚಾದ ಪತ್ರಿಕೆಗಳಲ್ಲಿ ಶಾಯಿಯಿಂದ ತಿದ್ದಿದವಳು ಬಹುಮಾನವನ್ನು ಕಳೆದುಕೊಂಡ ಹುಡುಗಿಯೇ. ಅವಳ ಅಕ್ಷರ ದುಂಡಗಿತ್ತು. ಅವಳ ತಾಯಿ ಬಹುಕಾಲ ನನ್ನೊಡನೆ ಮಾತನಾಡಲಿಲ್ಲ. ಅಂದಿನಿಂದ ನಮ್ಮ ಶಾಲೆಯಲ್ಲಿ ಸತ್ಯವೇದ ಪಾಠದ ಅಂಕಗಳನ್ನು ಇಬ್ಬರು ಉಪಾಧ್ಯಾಯಿನಿಯರು ಬೇರೆಬೇರೆಯಾಗಿ ಕೂಡುತ್ತಾರೆ, ಅವರಲ್ಲಿ ನಾನು ಒಬ್ಬಳಲ್ಲ.