ಅರ್ಧಕ್ಕೆ ನಿಲ್ಲಿಸಿದ ನಾಟಕ

ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನ ಅಡ್ಡರಸ್ತೆಗಳಿಗೆ ಬೀದಿನಾಟಕವು ಅಪರಿಚಿತವಾದ ವಸ್ತುವೇನೂ ಅಲ್ಲ. ತಮಟೆಯ ಸದ್ದು ಕೇಳುತ್ತಲೇ ಮಕ್ಕಳು ಓಡಿಬರುವುದು, ಹೂ ಮಾರುವಾಕೆ ಕಟ್ಟುತ್ತಿದ್ದ ಮಾಲೆಯನ್ನು ಮಡಿಲಲ್ಲಿರಿಸಿಕೊಂಡು ಇಣುಕುವುದು, ಒಂದೇ ಬಣ್ಣದ ಜುಬ್ಬ ತೊಟ್ಟ ಐದಾರು ತರುಣರು ಹಸಿ ಕಸವನ್ನೂ ಒಣ ಕಸವನ್ನೂ ಬೇರ್ಪಡಿಸಿರೆಂದು ಹಾಡಿ, ಕರಪತ್ರ ಹಂಚಿ, ಮುಂದಿನ ಬೀದಿಗೆ ಹೊರಟುಹೋಗುವುದು, ಇವೆಲ್ಲ ನಾವು ಕಂಡದ್ದೇ. ಆದರೆ ನೆರೆದವರಲ್ಲಿ ಒಬ್ಬರಾದರೂ ಬಾಯಿ ತೆರೆದದ್ದುಂಟೆ? ಒಂದೇ ಕೋಣೆಯ ಮನೆಯಲ್ಲಿ ಎರಡು ಬುಟ್ಟಿಗಳನ್ನು ಎಲ್ಲಿಡುವುದು, ಕಸದ ಗಾಡಿ ಬರುವ ಹೊತ್ತಿಗೆ ಮನೆಗೆಲಸಕ್ಕೆ ಹೋಗಿರುವವಳು ಅದನ್ನು ಯಾರ ಕೈಗೆ ಒಪ್ಪಿಸುವುದು ಎಂಬ ಪ್ರಶ್ನೆಗಳು ಕೇಳುವವರಿಲ್ಲದೆ ಅವಳಲ್ಲಿಯೇ ಉಳಿದುಬಿಡುತ್ತವೆ. ಧ್ವನಿವರ್ಧಕವು ಮಾಡಬಹುದಾದ ಕೆಲಸವನ್ನು ನಾವು ನಟರಿಂದ ಮಾಡಿಸುತ್ತಿದ್ದೇವೆ.

ಕನ್ನಡದ ಬೀದಿನಾಟಕಕ್ಕೆ ಇದಕ್ಕಿಂತ ಗಂಭೀರವಾದ ಚರಿತ್ರೆಯುಂಟು. 1975ರಲ್ಲಿ ರೂಪುಗೊಂಡ ‘ಸಮುದಾಯ’ ರಂಗತಂಡವು, ಬಿಹಾರದ ಬೆಲ್ಚಿ ಗ್ರಾಮದಲ್ಲಿ 1977ರಲ್ಲಿ ನಡೆದ ಹತ್ಯಾಕಾಂಡವನ್ನೇ ವಸ್ತುವಾಗಿಸಿಕೊಂಡು ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ‘ಬೆಲ್ಚಿ’ಯನ್ನು ಬೀದಿಗೆ ತಂದಾಗ, ಟಿಕೇಟು ಕೊಂಡು ರಂಗಮಂದಿರವನ್ನು ಎಂದೂ ಹೊಕ್ಕವರಲ್ಲದ ಜನರ ಮುಂದೆ ನಾಟಕವೇ ನಡೆದುಬಂದು ನಿಂತಿತು. ತೊಂಬತ್ತರ ದಶಕದ ಸಾಕ್ಷರತಾ ಜಾಥಾಗಳು ಅದೇ ಹಾದಿಯನ್ನು ಹಿಡಿದವು. ಆದರೂ ಅವೆಲ್ಲದರಲ್ಲಿ ಸತ್ಯವನ್ನು ಬಲ್ಲವರು ಆಡುವವರು, ಕಲಿಯತಕ್ಕವರು ನೋಡುವವರು ಎಂಬ ವಿಭಾಗವು ಬಹುಮಟ್ಟಿಗೆ ಅಳಿಯದೆ ಉಳಿದಿತ್ತು.

ಈ ವಿಭಾಗವನ್ನೇ ಒಡೆಯಲೆಳಸಿದವನು ಬ್ರೆಜಿಲ್ ದೇಶದ ರಂಗಕರ್ಮಿ ಅಗಸ್ಟೋ ಬೋಲ್. 1973ರಲ್ಲಿ ಪೆರು ದೇಶದ ಸಾಕ್ಷರತಾ ಆಂದೋಲನದಲ್ಲಿ ಅವನು ತೊಡಗಿದ್ದಾಗ, ಓದುಬರಹವರಿಯದ ಹೆಂಗಸೊಬ್ಬಳು ತನ್ನ ವೃತ್ತಾಂತವನ್ನು ಹೇಳಿಕೊಂಡಳು: ಗಂಡನು ಜೋಪಾನವಾಗಿಡೆಂದು ಕೊಟ್ಟಿದ್ದ ಕಾಗದಗಳು ಆಸ್ತಿಪತ್ರಗಳೆಂದು ಅವಳು ನಂಬಿದ್ದಳು, ಬೇರೊಬ್ಬರಿಂದ ಓದಿಸಿದಾಗ ಅವು ಮತ್ತೊಬ್ಬಳ ಪ್ರೇಮಪತ್ರಗಳಾಗಿದ್ದುವು. ಆ ರಾತ್ರಿ ಗಂಡನು ಮನೆಗೆ ಬಂದಾಗ ಏನು ಮಾಡಬೇಕು? ಆ ವೃತ್ತಾಂತವನ್ನು ನಾಟಕವಾಗಿ ಆಡಿ, ಅಲ್ಲಿಗೇ ನಿಲ್ಲಿಸಿ ನೋಡುಗರನ್ನು ಕೇಳಲಾಯಿತು. ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು; ನಟರು ಅವುಗಳನ್ನು ಆಡಿ ತೋರಿಸಿದರು. ತಾನು ಹೇಳಿದ್ದನ್ನು ನಟಿಯು ಎಷ್ಟು ಸಲ ಆಡಿದರೂ ತೃಪ್ತಳಾಗದ ಸ್ತ್ರೀಯೊಬ್ಬಳು ಕಡೆಗೆ ತಾನೇ ರಂಗವನ್ನೇರಿದಳು. ಪ್ರೇಕ್ಷಕರೇ ಪಾತ್ರಧಾರಿಗಳಾಗುವ ಆ ಕ್ರಮವು ಈಗ ಲೋಕದ ನಾನಾ ದೇಶಗಳಲ್ಲಿ ಹಬ್ಬಿದೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ‘ಜನಸಂಸ್ಕೃತಿ’ ತಂಡವು 1985ರಿಂದ ಕೆಲಸ ಮಾಡುತ್ತ ಬಂದು ಅದನ್ನು ನಮ್ಮ ದೇಶದಲ್ಲಿಯೂ ನೆಲೆಗೊಳಿಸಿದೆ.

ಇದು ವಿದೇಶೀಯವಾದುದೆಂದು ಹುಬ್ಬು ಗಂಟಿಕ್ಕುವವರು ನಮ್ಮ ಕರಾವಳಿಯ ತಾಳಮದ್ದಳೆಯನ್ನು ಸ್ಮರಿಸಬೇಕು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದವನ್ನು ಹಾಡಿ ನಿಲ್ಲಿಸಿದೊಡನೆ ವಾಲಿಯ ಪಾತ್ರವನ್ನು ಮಾತಿನಲ್ಲಿ ಕಟ್ಟುವ ಅರ್ಥಧಾರಿಯು, ಮರೆಯಲ್ಲಿ ನಿಂತು ಕೊಂದ ರಾಮನನ್ನು ಪ್ರಶ್ನಿಸುತ್ತಾನೆ, ರಾಮನು ಅಲ್ಲಿಯೇ ಉತ್ತರವನ್ನು ಕಟ್ಟಬೇಕು. ಕಥೆಯ ಕೊನೆಯನ್ನು ಬಲ್ಲ ಸಭೆಯು ವಾದದ ಕೊನೆಯನ್ನು ಮಾತ್ರ ಅರಿಯದೆ ಕಾದು ಕೂತಿರುತ್ತದೆ. ಅರ್ಥಧಾರಿಗೆ ಸಲ್ಲುವ ಆ ಸ್ವಾತಂತ್ರ್ಯವನ್ನು ಸಭೆಗೂ ವಿಸ್ತರಿಸೋಣವೆಂಬುದಷ್ಟೇ ನನ್ನ ಬಿನ್ನಹ.

ನಮ್ಮ ಶಾಲೆಗಳಿಗೆ ಇದರ ಅಗತ್ಯವು ಇನ್ನೂ ಹೆಚ್ಚಿನದು. ಪರೀಕ್ಷೆಯಲ್ಲಿ ಗೆಲ್ಲುವ ವಿದ್ಯೆಗೂ ಬಾಳಿಗೆ ಒದಗುವ ವಿದ್ಯೆಗೂ ಇರುವ ಅಂತರವನ್ನು ಇದೇ ಬೆಂಗಳೂರಿನ ಕೈಲಾಸಂ ‘ಟೊಳ್ಳುಗಟ್ಟಿ’ ನಾಟಕದಲ್ಲಿ ತೋರಿಸಿ ಶತಮಾನವೇ ಕಳೆಯಿತು, ಆದರೂ ವಾರ್ಷಿಕೋತ್ಸವದ ನಾಟಕದಲ್ಲಿ ಮಕ್ಕಳು ಮೇಷ್ಟರು ಬರೆದ ಮಾತನ್ನು ಉರುಹೊಡೆದು ಒಪ್ಪಿಸುತ್ತಾರೆ. ತಂಗಿಯನ್ನು ನೋಡಿಕೊಳ್ಳಲು ಶಾಲೆ ಬಿಡಬೇಕೆಂದು ಮನೆಯಲ್ಲಿ ಹೇಳಲ್ಪಟ್ಟ ಹುಡುಗಿಯ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಅವಳ ತಾಯಿಯ ಪಾತ್ರವನ್ನು ತರಗತಿಯ ಹುಡುಗನೊಬ್ಬನಿಗೆ ವಹಿಸಿನೋಡಿ: ಪೌರನೀತಿಯ ಒಂದು ಪಾಠವು ಕಲಿಸಲಾರದ ಸಂಗತಿಯನ್ನು ಅವನು ಆ ತಾಯಿಯ ಲೆಕ್ಕಾಚಾರದಲ್ಲಿ ಕಂಡುಕೊಂಡಾನು.

ನಾಟಕದಿಂದ ನಲ್ಲಿಗೆ ನೀರು ಬರುತ್ತದೆಯೆ ಎಂದು ಕೇಳುವವರಿದ್ದಾರೆ, ಕೇಳತಕ್ಕದ್ದೇ. ಬೋಲ್ 1993ರಿಂದ 1996ರವರೆಗೆ ರಿಯೊ ನಗರಸಭೆಯ ಸದಸ್ಯನಾಗಿದ್ದು, ಬಡಾವಣೆಗಳಲ್ಲಿ ಆಡಿಸಿದ ಇಂಥ ನಾಟಕಗಳಿಂದ ಹೊಮ್ಮಿದ ಸಲಹೆಗಳಲ್ಲಿ 13ನ್ನು ಕಾನೂನಾಗಿಸಿದನು. ನಮ್ಮಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದ ತರುವಾಯ ವರ್ಷಗಟ್ಟಲೆ ಬಡಾವಣೆಗೊಬ್ಬ ಕಾರ್ಪೊರೇಟರ್ ಇಲ್ಲದೆ, ಅಹವಾಲು ಕೇಳುವ ಕಿವಿಯೇ ಇಲ್ಲದಂತಾಗಿತ್ತು. ಕೇಳುವ ಕಿವಿಯಿಲ್ಲದ ಊರಿನಲ್ಲಿ ಆಡುವ ಅಭ್ಯಾಸವೂ ಬತ್ತುತ್ತದೆ. ಅದನ್ನು ಉಳಿಸುವುದು ಸಣ್ಣ ಕೆಲಸವಲ್ಲ.

ಆದರೆ ಅಪಾಯವೂ ಇದೆ. ವಠಾರದ ಬಾಡಿಗೆಯನ್ನು ಕುರಿತು ನಾಟಕವಾಡುವಾಗ ವಠಾರದ ಯಜಮಾನನು ಗುಂಪಿನಲ್ಲಿಯೇ ನಿಂತಿರುತ್ತಾನೆ. ಅಂದು ರಂಗವೇರಿ ಮಾತನಾಡಿದವಳು ಮರುದಿನ ಮನೆ ಖಾಲಿ ಮಾಡಬೇಕಾಗಿ ಬರಬಹುದು. ಆದುದರಿಂದ ಹೆಸರು ಬದಲಿಸುವ, ಬೀದಿ ಬದಲಿಸುವ, ಬೇಕಾದಲ್ಲಿ ಮೊದಲು ಹೆಂಗಸರ ಸಭೆಯಲ್ಲಿಯೇ ಆಡುವ ವಿವೇಕವುಳ್ಳ ಸೂತ್ರಧಾರನಿಲ್ಲದೆ ಈ ಕೆಲಸಕ್ಕೆ ಕೈಹಾಕಲಾಗದು.

ನವೆಂಬರ್ ಬಂದರೆ ನಮ್ಮ ಬಡಾವಣೆಗಳಲ್ಲಿ ರಾಜ್ಯೋತ್ಸವದ ಶಾಮಿಯಾನ ಏಳುತ್ತದೆ, ಆರ್ಕೆಸ್ಟ್ರಾ ನಡೆಯುತ್ತದೆ, ಅಧಿಕಾರಿಗಳಿಗೆ ವೇದಿಕೆಯ ಮೇಲೆ ಶಾಲು ಹೊದಿಸಲಾಗುತ್ತದೆ. ಒಂದು ಸಂಜೆಯ ಮಟ್ಟಿಗೆ ಅದೇ ವೇದಿಕೆಯಲ್ಲಿ ಆ ಎರಡು ಬುಟ್ಟಿಗಳ ಕಥೆಯನ್ನು ಆಡಿ ಅರ್ಧಕ್ಕೆ ನಿಲ್ಲಿಸೋಣ. ಮನೆಗೆಲಸದಾಕೆಯು ಮೇಲೆ ಬಂದು ಅದನ್ನು ಮುಗಿಸಲಿ. ಕಸದ ಗಾಡಿಯ ವೇಳೆಯನ್ನು ಗೊತ್ತುಮಾಡುವ ಅಧಿಕಾರಿಯು ಶಾಲಿಲ್ಲದೆ ಕೆಳಗೆ ಕುರ್ಚಿಯಲ್ಲಿ ಕುಳಿತು, ಆಕೆ ಹೇಳಿದ ವೇಳೆಯನ್ನು ಬರೆದುಕೊಳ್ಳಲಿ.